ಒಂದೇ ಹರಳಿನಲ್ಲಿ ಎರಡು ರೂಪ

ನಮ್ಮೂರ ಮನೆಯಲ್ಲಿ ಚಳಿಗಾಲಕ್ಕೆ ಎಲ್ಲರೂ ಸೇರಿದರೆ ಬಚ್ಚಲೊಲೆಯ ಮುಂದೆ ಜಾಗಕ್ಕೆ ಜಗಳ. ತಂಗಿಯ ಮಕ್ಕಳು ಬೆಂಕಿಗೆ ಕೈಯೊಡ್ಡಿ ಕೂತು, "ದೊಡ್ಡಮ್ಮ, ನೀನು ಬೆಂಗಳೂರಲ್ಲಿ ಓದ್ತಿದ್ದಾಗಿನ ಕಥೆ ಹೇಳು" ಎಂದು ಹಟ ಹಿಡಿಯುತ್ತಾರೆ. ನಾನು ಹೇಳುವುದು ಪ್ರತಿ ಸಲವೂ ಅದೇ ಕಥೆ, 2004ರ ಏಪ್ರಿಲ್ ತಿಂಗಳ ಒಂದು ಸಂಜೆಯದು. ಅದರಲ್ಲಿ ಹುಲಿಯಿಲ್ಲ, ದೆವ್ವವಿಲ್ಲ. ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾ ಇದೆ, ಅದಕ್ಕೆ ಹಸಿವಾಗಿದೆ. ಅಷ್ಟು ಹೇಳಿದರೆ ಸಾಕು, ಮಕ್ಕಳು ಸುಮ್ಮನಾಗುತ್ತಾರೆ. ಹಸಿವು ಯಾರಿಗೆ ಗೊತ್ತಿಲ್ಲ? ಈಗ ಅದನ್ನೇ ನಿಮಗೂ ಹೇಳುತ್ತೇನೆ, ಮಕ್ಕಳಿಗೆ ಹೇಳುವಾಗ ಬಿಟ್ಟುಬಿಡುವ ವಿವರಗಳನ್ನೂ ಸೇರಿಸಿ.

ನಾನಾಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ನನ್ನ ಕೆಲಸ ಪ್ರೋಟೀನಿನ ಹರಳು ಬೆಳೆಸುವುದು. ಶುದ್ಧ ಮಾಡಿದ ಪ್ರೋಟೀನಿನ ಒಂದು ಹನಿ, ಅದರ ಜತೆಗೆ ಉಪ್ಪಿನದೋ ಪಾಲಿಎಥಿಲೀನ್ ಗ್ಲೈಕಾಲಿನದೋ ದ್ರಾವಣದ ಒಂದು ಹನಿ. ಎರಡನ್ನೂ ತೆಳು ಗಾಜಿನ ಮೇಲೆ ಬೆರೆಸಿ, ಆ ಗಾಜನ್ನು ಬೋರಲು ಮಾಡಿ, 24 ಕುಳಿಗಳ ಪ್ಲಾಸ್ಟಿಕ್ ತಟ್ಟೆಯ ಒಂದು ಕುಳಿಯ ಬಾಯಿಗೆ ಗ್ರೀಸ್ ಹಚ್ಚಿ ಮುಚ್ಚಬೇಕು. ಜೋತುಬಿದ್ದ ಹನಿಯೊಳಗಿನ ನೀರು ಮೆಲ್ಲಗೆ ಆವಿಯಾಗಿ ಕೆಳಗಿನ ದ್ರಾವಣ ಸೇರುತ್ತದೆ, ಪ್ರೋಟೀನ್ ಅಣುಗಳು ಒತ್ತೊತ್ತಾಗುತ್ತ ಹೋಗುತ್ತವೆ. ಎಲ್ಲ ಕೂಡಿಬಂದರೆ ಸಾಲುಗಟ್ಟಿ ಹರಳಾಗುತ್ತವೆ. ಬಾರದಿದ್ದರೆ ತಳದಲ್ಲಿ ಬರೀ ಬಿಳಿ ಗಷ್ಟು. ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯನ್ನು ಸರಿಸುತ್ತ ಕುಳಿಯಿಂದ ಕುಳಿಗೆ ಹೋಗುವಾಗ ಒಂದು ಕಡೆ ಚೂಪು ಅಂಚು ಮಿಂಚಿದರೆ ಎದೆ ಧಸಕ್ಕೆನ್ನುತ್ತಿತ್ತು. ಆ ಸುಖವನ್ನು ನಾನು ಇವತ್ತಿಗೂ ಬೇರೆ ಯಾವುದರಲ್ಲೂ ಕಂಡಿಲ್ಲ.

ಹರಳು ಯಾಕೆ ಬೇಕು ಅಂದರೆ, ಒಂದೇ ಒಂದು ಅಣುವಿನ ಮೇಲೆ ಎಕ್ಸ್‌ರೇ ಬಿಟ್ಟರೆ ಚದುರಿ ಬರುವ ಬೆಳಕು ಲೆಕ್ಕಕ್ಕೇ ಸಿಗದಷ್ಟು ಮಂದ. ಹರಳಿನಲ್ಲಿ ಕೋಟಿಕೋಟಿ ಅಣುಗಳು ಒಂದೇ ಭಂಗಿಯಲ್ಲಿ ನಿಂತಿರುತ್ತವೆ. ಎಲ್ಲದರ ಚದುರಿಕೆಯೂ ಕೂಡಿ ಬಲಗೊಂಡು ಚುಕ್ಕಿಗಳಾಗಿ ದಾಖಲಾಗುತ್ತದೆ. ಆ ಚುಕ್ಕಿಗಳ ಸ್ಥಾನ ಮತ್ತು ಪ್ರಖರತೆಯಿಂದ ಲೆಕ್ಕ ಹಾಕಿ ಪರಮಾಣುಗಳನ್ನು ಅವುಗಳ ಜಾಗದಲ್ಲಿ ಕೂರಿಸುವುದು ಮುಂದಿನ ಕೆಲಸ. ಕೂರಿಸಿದ್ದು ಸರಿಯೋ ತಪ್ಪೋ ಎಂದು ನೋಡಲು ಜಗತ್ತಿನ ಎಲ್ಲರೂ ಬಳಸುವ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಮಾಡಿಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಅದೇ ರಾಮಚಂದ್ರನ್ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತಶಾಸ್ತ್ರದ ವಿಭಾಗ ಕಟ್ಟಿದರು. ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್ಕಿನ್ ಅವರ ತಂಡದಲ್ಲಿದ್ದು ಇನ್ಸುಲಿನ್ ರಚನೆ ಬಿಡಿಸುವುದರಲ್ಲಿ ಪಾಲುಗೊಂಡ ಎಂ. ವಿಜಯನ್ 1971ರಲ್ಲಿ ಅದೇ ವಿಭಾಗ ಸೇರಿದರು. ಹಾಗಾಗಿ ಬೆಂಗಳೂರಿನಲ್ಲಿ ಹರಳಿನ ಕೆಲಸ ಮಾಡುವವರಿಗೆ ನಮ್ಮ ಹಿಂದೆ ಒಂದು ಮನೆತನವೇ ಇದೆ ಅನ್ನುವ ಧೈರ್ಯ ಇತ್ತು.

ಶನಿವಾರ ಸಂಜೆ ನಮ್ಮಲ್ಲಿ ಹೊಸ ಪ್ರಬಂಧ ಓದುವ ಕೂಟ. ಆ ದಿನ ಮಧ್ಯಾಹ್ನವೆಲ್ಲ ಸುಡು ಬಿಸಿಲು, ಸಂಜೆಗೆ ಗುಡುಗು, ಮಾವಿನ ಕಾಲದ ಅಡ್ಡಮಳೆ. ಮಂಡಕ್ಕಿ, ಚಹಾ. ನನ್ನ ಹಿರಿಯ ಸಹಪಾಠಿ 'ಸೆಲ್' ಪತ್ರಿಕೆಯ ಆ ತಿಂಗಳ ಒಂದು ಸಂಚಿಕೆಯಿಂದ ಒಂದು ಪ್ರಬಂಧವನ್ನು ಮುದ್ರಿಸಿ ಎಲ್ಲರಿಗೂ ಹಂಚಿದಳು. ಬರೆದವರು ಐದು ಜನ: ಟ್ಯಾನಿಸ್ ಹಾಗ್, ಉಂಡಿನೆ ಮೆಖೋಲ್ಡ್, ಹೋರ್ಸ್ಟ್ ಮಾಲ್ಕೆ, ಮೈಕೆಲ್ ಕ್ಯಾಶೆಲ್, ರೋಲ್ಫ್ ಹಿಲ್ಗೆನ್‌ಫೆಲ್ಡ್. ಜರ್ಮನಿಯ ಲ್ಯೂಬೆಕ್ ಮತ್ತು ಯೇನಾ, ಅಮೆರಿಕದ ಬೆತೆಸ್ಡಾ, ಈ ಮೂರು ಊರುಗಳ ಕೆಲಸ. ವಿಷಯ, ಹಸಿವಿನ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಬಳಸುವ ರೆಲ್ ಎಂಬ ಕಿಣ್ವದ ಸ್ಫಟಿಕ ರಚನೆ.

ನಮ್ಮ ಪ್ರಯೋಗಾಲಯದ ಮೇಷ್ಟ್ರು ಪ್ರಬಂಧವನ್ನು ಮಗುಚಿಟ್ಟರು. "ಮೊದಲು ಕ್ಯಾಶೆಲ್ ಯಾರು ಅಂತ ತಿಳ್ಕೊಳ್ಳಿ, ಆಮೇಲೆ ಚಿತ್ರ ನೋಡೋಣ" ಎಂದರು.

ಅವರು ಹೇಳಿದ್ದು ಹೀಗೆ. ಬ್ಯಾಕ್ಟೀರಿಯಾಕ್ಕೆ ಅಮೈನೊ ಆಮ್ಲ ಸಿಗದೆ ಹೋದರೆ ಅದು ಪ್ರೋಟೀನ್ ಕಟ್ಟುವುದನ್ನು ನಿಲ್ಲಿಸುವುದು ಸಹಜ, ಸಾಮಾನೇ ಇಲ್ಲವಲ್ಲ. ಆದರೆ ಆರ್‌ಎನ್‌ಎ ಕಟ್ಟುವುದನ್ನೂ ಅದು ತಟ್ಟನೆ ನಿಲ್ಲಿಸುತ್ತದೆ. ಆರ್‌ಎನ್‌ಎಗೆ ಅಮೈನೊ ಆಮ್ಲ ಬೇಡ, ಸಾಮಾನು ಇದ್ದೇ ಇರುತ್ತದೆ, ಆದರೂ ನಿಲ್ಲಿಸುತ್ತದೆ. ಆ ಆರ್‌ಎನ್‌ಎಯ ಬಹುಪಾಲು ಹೋಗುವುದು ಪ್ರೋಟೀನ್ ಕಟ್ಟುವ ರೈಬೊಸೋಮಿಗೆ. ರೈಬೊಸೋಮ್ ಕಟ್ಟಲು ಬಹಳ ಖರ್ಚು, ಬರಗಾಲದಲ್ಲಿ ಆ ಖರ್ಚು ಬೇಡ ಅನ್ನುವ ನಿರ್ಧಾರ ಎಲ್ಲೋ ಆಗುತ್ತಿದೆ. ಕೆಲವು ರೂಪಾಂತರಿತ ತಳಿಗಳಲ್ಲಿ ಈ ನಿಲ್ಲಿಸುವ ಶಕ್ತಿ ಇಲ್ಲ, ಹಸಿದರೂ ಅವು ಆರ್‌ಎನ್‌ಎ ಕಟ್ಟುತ್ತಲೇ ಹೋಗುತ್ತವೆ. ಗುಂಥರ್ ಸ್ಟೆಂಟ್ ಮತ್ತು ಸಿಡ್ನಿ ಬ್ರೆನ್ನರ್ 1961ರಲ್ಲಿ ಆ ಗುಣ ಒಂದೇ ಜೀನಿನ ಜಾಗಕ್ಕೆ ಸೇರಿದ್ದು ಎಂದು ತೋರಿಸಿದರು. ಆದರೆ ಆ ಜೀನು ಮಾಡುವುದೇನು? ಹಸಿವಿನ ಸುದ್ದಿ ಜೀವಕೋಶದೊಳಗೆ ಯಾವ ರೂಪದಲ್ಲಿ ಓಡಾಡುತ್ತದೆ?

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಗ್ಯಾಲಂಟ್ ಅವರ ಪ್ರಯೋಗಾಲಯ. ಅಲ್ಲಿ ಯುವಕ ಮೈಕೆಲ್ ಕ್ಯಾಶೆಲ್ ಬ್ಯಾಕ್ಟೀರಿಯಾಗಳಿಗೆ ವಿಕಿರಣಶೀಲ ರಂಜಕ ಉಣಿಸಿ, ಅಮೈನೊ ಆಮ್ಲ ಸಿಗದಂತೆ ಮಾಡಿ, ಒಳಗಿನ ಸಣ್ಣ ಅಣುಗಳನ್ನು ತೆಳುಪದರದ ಮೇಲೆ ಹರಿಯಬಿಟ್ಟು ಎಕ್ಸ್‌ರೇ ಫಿಲ್ಮಿಗೆ ಒಡ್ಡಿದರು. ಹೊಟ್ಟೆ ತುಂಬಿದ ಬ್ಯಾಕ್ಟೀರಿಯಾದ ಫಿಲ್ಮಿನಲ್ಲಿ ಇಲ್ಲದ ಎರಡು ಕಪ್ಪು ಚುಕ್ಕೆಗಳು ಹಸಿದ ಬ್ಯಾಕ್ಟೀರಿಯಾದ ಫಿಲ್ಮಿನಲ್ಲಿ ಇದ್ದವು. ಆರ್‌ಎನ್‌ಎ ನಿಲ್ಲಿಸಲಾರದ ತಳಿಯಲ್ಲಿ ಅವು ಮೂಡಲೇ ಇಲ್ಲ. 1969ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಅವಕ್ಕೆ ಮ್ಯಾಜಿಕ್ ಸ್ಪಾಟ್ ಎಂದೇ ಹೆಸರು ಬಿತ್ತು. ಆಮೇಲೆ ತಿಳಿದಂತೆ ಅವು ಜಿಡಿಪಿ, ಜಿಟಿಪಿ ಎಂಬ ಸಾಮಾನ್ಯ ಅಣುಗಳಿಗೆ ಇನ್ನೆರಡು ಫಾಸ್ಫೇಟ್ ಅಂಟಿಸಿ ಮಾಡಿದ ಸಂಕೇತಗಳು: ಪಿಪಿಜಿಪಿಪಿ ಮತ್ತು ಅದರ ಅಣ್ಣ ಪಿಪಿಪಿಜಿಪಿಪಿ. 1973ರಲ್ಲಿ ಹೇಸಲ್ಟೈನ್ ಮತ್ತು ಬ್ಲಾಕ್ ಇನ್ನೊಂದು ತುಣುಕು ಸೇರಿಸಿದರು. ಅಮೈನೊ ಆಮ್ಲ ಹೊತ್ತು ಬರಬೇಕಾದ ಟಿಆರ್‌ಎನ್‌ಎ ಬರಿಗೈಯಲ್ಲಿ ಬಂದು ರೈಬೊಸೋಮಿನಲ್ಲಿ ಕೂತಾಗ ಈ ಸಂಕೇತದ ತಯಾರಿ ಶುರುವಾಗುತ್ತದೆ.

"1969ರಲ್ಲಿ ಚುಕ್ಕೆ ನೋಡಿದ ಮನುಷ್ಯ ಇವತ್ತು, 35 ವರ್ಷ ಆದ ಮೇಲೆ, ಆ ಚುಕ್ಕೆ ಮಾಡುವ ಕಿಣ್ವವನ್ನೇ ನೋಡಿದ್ದಾರೆ" ಎಂದು ಮೇಷ್ಟ್ರು ಪ್ರಬಂಧವನ್ನು ಮತ್ತೆ ತಿರುಗಿಸಿದರು. ಅವರ ದನಿ ಸ್ವಲ್ಪ ನಡುಗಿತು. ಒಂದೇ ಪ್ರಶ್ನೆಯನ್ನು ಇಷ್ಟು ಕಾಲ ಹಿಡಿದುಕೊಂಡು ಕೂರುವುದು ಎಂಥ ಬದುಕು ಎಂದು ನನಗೆ ಅವತ್ತು ಅನಿಸಿತು. ಈಗಲೂ ಹಾಗೆಯೇ ಅನಿಸುತ್ತದೆ.

ಕಿಣ್ವ ಬಂದದ್ದು ಸ್ಟ್ರೆಪ್ಟೊಕಾಕಸ್ ಜಾತಿಯ ಈಕ್ವಿಸಿಮಿಲಿಸ್ ಎಂಬ ಬ್ಯಾಕ್ಟೀರಿಯಾದಿಂದ. ಹೃದಯಾಘಾತವಾದಾಗ ರಕ್ತನಾಳದ ಹೆಪ್ಪು ಕರಗಿಸಲು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಸ್ಟ್ರೆಪ್ಟೊಕೈನೇಸ್ ಔಷಧ ಸಿಗುವುದೂ ಇದೇ ಬ್ಯಾಕ್ಟೀರಿಯಾದಲ್ಲಿ. ಮಾಲ್ಕೆ ಅವರ ತಂಡ ಆ ಔಷಧದ ಜೀನಿನ ಅಕ್ಕಪಕ್ಕ ಏನಿದೆ ಎಂದು ಓದುತ್ತ ಹೋದಾಗ ಸಿಕ್ಕಿದ್ದು ಈ ರೆಲ್ ಜೀನು. ಒಂದು ಹೆಪ್ಪು ಒಡೆಯುವ ಜೀನು, ಪಕ್ಕದಲ್ಲೇ ಹಸಿವು ತಾಳುವ ಜೀನು. ಹುಡುಕಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು. ವಿಜ್ಞಾನದಲ್ಲಿ ಇಂಥದ್ದು ಎಷ್ಟು ಸಲ ಆಗುತ್ತದೆ ಎಂದು ಬರೆದಿಡಬೇಕು ಯಾರಾದರೂ.

ಈಗ ಕಥೆಯ ಮುಖ್ಯ ಭಾಗ. ರೆಲ್ ಕಿಣ್ವಕ್ಕೆ ಎರಡು ಕೆಲಸ, ಒಂದಕ್ಕೊಂದು ವಿರುದ್ಧ. ಒಂದು ತಾಣದಲ್ಲಿ ಅದು ಶಕ್ತಿಯ ಅಣುವಾದ ಎಟಿಪಿಯಿಂದ ಎರಡು ಫಾಸ್ಫೇಟ್ ತೆಗೆದು ಜಿಡಿಪಿಗೆ ಅಂಟಿಸಿ ಹಸಿವಿನ ಸಂಕೇತ ತಯಾರಿಸುತ್ತದೆ. ಇನ್ನೊಂದು ತಾಣದಲ್ಲಿ, ಮ್ಯಾಂಗನೀಸಿನ ನೆರವಿನಿಂದ, ಅದೇ ಎರಡು ಫಾಸ್ಫೇಟ್ ಕಡಿದು ಸಂಕೇತವನ್ನು ಅಳಿಸುತ್ತದೆ. ಈ.ಕೋಲಿಯಲ್ಲಿ ಇದಕ್ಕೆ ರೆಲ್‌ಎ, ಸ್ಪೋಟಿ ಎಂದು ಎರಡು ಕಿಣ್ವಗಳಿವೆ. ಬಹುಪಾಲು ಬೇರೆ ಬ್ಯಾಕ್ಟೀರಿಯಾಗಳಲ್ಲಿ ಒಂದೇ ಅಣು ಎರಡನ್ನೂ ಮಾಡಬೇಕು. ಎರಡೂ ತಾಣ ಏಕಕಾಲಕ್ಕೆ ಕೆಲಸಕ್ಕೆ ಇಳಿದರೆ ಏನಾಗುತ್ತದೆ ಯೋಚಿಸಿ. ಇತ್ತ ಕಟ್ಟಿದ್ದನ್ನು ಅತ್ತ ಕೆಡವುತ್ತ, ಉಪವಾಸ ಇರುವ ಜೀವ ತನ್ನ ಉಳಿದ ಎಟಿಪಿಯನ್ನೆಲ್ಲ ಸುಟ್ಟುಕೊಳ್ಳುತ್ತದೆ. ಅಳಿಸುವ ತಾಣ ಪೂರ್ತಿ ಸತ್ತರೂ ಉಳಿಗಾಲವಿಲ್ಲ, ಸಂಕೇತ ತುಂಬಿ ತುಳುಕಿ ಬೆಳವಣಿಗೆಯೇ ನಿಂತುಹೋಗುತ್ತದೆ. ಹಾಗಾದರೆ ಯಾವಾಗ ಯಾವುದು ಎಂದು ಅಣುವಿಗೆ ಗೊತ್ತಾಗುವುದು ಹೇಗೆ?

ಲ್ಯೂಬೆಕ್‌ನವರು ಹರಳು ಮಾಡಿದ್ದು ಇಡೀ ಕಿಣ್ವವನ್ನಲ್ಲ. 700ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿಯಲ್ಲಿ ಎರಡೂ ತಾಣಗಳಿರುವ ಮೊದಲ 385ರ ತುಣುಕು ಅವರಿಗೆ ಸಾಕಾಯಿತು. ಸಹಪಾಠಿ ಅದರ ನಿರ್ದೇಶಾಂಕಗಳ ಕಡತವನ್ನು ಇಳಿಸಿಕೊಂಡು ಕಂಪ್ಯೂಟರಿನಲ್ಲಿ ರಾಸ್‌ಮಾಲ್ ತೆರೆದಳು. ಪರದೆಯ ಮೇಲೆ ಒಂದರ ಪಕ್ಕ ಒಂದು ಎರಡು ಅಣುಗಳು ಬಂದವು. ಹರಳಿನಲ್ಲಿ ಮತ್ತೆ ಮತ್ತೆ ಬರುವ ಘಟಕದಲ್ಲಿ ಒಂದೇ ಪ್ರೋಟೀನಿನ ಎರಡು ಪ್ರತಿಗಳಿರುವುದು ಹೊಸದೇನಲ್ಲ. ಸಾಮಾನ್ಯವಾಗಿ ಅವು ತದ್ರೂಪಿ, ನಾವು ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟುಬಿಡುತ್ತೇವೆ. ಇಲ್ಲಿ ಹಾಗಿರಲಿಲ್ಲ. ಒಂದರ ಮೇಲೊಂದು ಇಟ್ಟರೆ ಅವು ಕೂಡಿಕೊಳ್ಳಲಿಲ್ಲ. ಒಂದು ಪ್ರತಿಯಲ್ಲಿ ಕಟ್ಟುವ ತಾಣ ಕೆಲಸಕ್ಕೆ ಅಣಿಯಾಗಿದೆ, ಅಳಿಸುವ ತಾಣ ಕೆಲಸ ಮಾಡಲಾರದ ಭಂಗಿಯಲ್ಲಿದೆ. ಇನ್ನೊಂದರಲ್ಲಿ ಅಳಿಸುವ ತಾಣ ಅಣಿ, ಕಟ್ಟುವುದು ಸ್ತಬ್ಧ.

ನಾವು ಯಾರೂ ಮಾತಾಡಲಿಲ್ಲ. ಹೊರಗೆ ಮಳೆ ಜೋರಾಗಿತ್ತು. ಬಳಿಕ ಮೇಷ್ಟ್ರು ಎದ್ದು ಬಂದು ಪರದೆಯ ಹತ್ತಿರ ಬಗ್ಗಿ, ತಾವೇ ಮೌಸ್ ಹಿಡಿದು, ಎರಡೂ ತಾಣಗಳ ನಡುವಿನ ದೂರ ಅಳೆದರು. 30 ಆಂಗ್‌ಸ್ಟ್ರಮ್‌ಗಿಂತ ಹೆಚ್ಚು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಮೂರು ಪಾಲು ತೆಗೆದುಕೊಂಡರೆ ಆಗುವ ದೂರ. ನಮಗೆ ಅದು ಏನೂ ಅಲ್ಲ, ಅಣುಗಳ ಲೋಕದಲ್ಲಿ ಅದು ದೊಡ್ಡ ಅಂತರ. ಒಂದು ತಾಣ ಇನ್ನೊಂದನ್ನು ಮುಟ್ಟುವುದಿಲ್ಲ. ನಡುವೆ ಇರುವುದು ಸುರುಳಿಗಳ ಒಂದು ಕಂತೆ. ನಮ್ಮ ಅಜ್ಜನ ತೋಟದ ಬಾವಿಗೆ ಹಿಂದೆ ಏತವಿತ್ತಂತೆ. ಅದರ ಒಂದು ತುದಿ ಬಾವಿಗೆ ಇಳಿದರೆ ಇನ್ನೊಂದು ತುದಿ ಮೇಲೇಳಲೇಬೇಕು, ಎರಡೂ ಒಟ್ಟಿಗೆ ಇಳಿಯುವುದು ಆ ಕಟ್ಟಣೆಯಲ್ಲೇ ಸಾಧ್ಯವಿಲ್ಲ. ರೆಲ್ ಕೂಡ ಹೀಗೆಯೇ ಎಂದು ಆ ಐದು ಜನ ಹೇಳುತ್ತಿದ್ದರು. ಒಂದು ತಾಣದಲ್ಲಿ ಬಂದು ಕೂತ ಸಣ್ಣ ಅಣು ಅಲ್ಲಿನ ಸುರುಳಿಗಳನ್ನು ಕದಲಿಸುತ್ತದೆ, ಕದಲಿಕೆ ನಡುವಿನ ಕಂತೆಯನ್ನು ದಾಟಿ ಇನ್ನೊಂದು ತಾಣವನ್ನು ತಲುಪುತ್ತದೆ. ಅಳಿಸುವ ತಾಣದೊಳಗೆ ಜಿಡಿಪಿಯ ಒಂದು ಅಪರೂಪದ ರೂಪವೂ ಸಿಕ್ಕಿಕೊಂಡು ಹರಳಿನಲ್ಲಿ ಹಾಗೇ ಉಳಿದಿತ್ತು, ಆ ತಾಣ ಏನನ್ನು ಹಿಡಿಯುತ್ತದೆ ಎಂಬುದಕ್ಕೆ ಸಾಕ್ಷಿ ಹೇಳುತ್ತ. ಚಿತ್ರ ನೋಡಿ ಊಹೆ ಮಾಡಿ ಅವರು ಸುಮ್ಮನಾಗಲಿಲ್ಲ. ಆಯ್ದ ಅಮೈನೊ ಆಮ್ಲಗಳನ್ನು ಬದಲಿಸಿ, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಏನಾಗುತ್ತದೆ ಎಂದು ಪರೀಕ್ಷಿಸಿ ತೋರಿಸಿದ್ದರು.

ಹರಳೆಂದರೆ ಹೆಚ್ಚುಕಡಿಮೆ ಚಲನೆ ನಿಂತ ಸ್ಥಿತಿ. ಪಠ್ಯಪುಸ್ತಕದಲ್ಲಿ ಕಿಣ್ವದ ಒಂದೇ ಒಂದು ಭಂಗಿ ಅಚ್ಚಾಗಿರುತ್ತದೆ, ಓದುವ ಹುಡುಗರು ಪ್ರೋಟೀನ್ ಯಾವಾಗಲೂ ಹಾಗೇ ಇರುತ್ತದೆ ಎಂದುಕೊಳ್ಳುತ್ತಾರೆ. ಎರಡು ಭಂಗಿ ಬೇಕೆಂದರೆ ಸಾಮಾನ್ಯವಾಗಿ ಎರಡು ಬೇರೆ ಹರಳು ಬೆಳೆಸಬೇಕು, ಕೆಲವು ಸಲ ಅದಕ್ಕೇ ಹಲವು ವರ್ಷ. ಈ ಒಂದು ಹರಳು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ಬಂದಿತ್ತು. 2.1 ಆಂಗ್‌ಸ್ಟ್ರಮ್ ಸ್ಪಷ್ಟತೆ, ಅಂದರೆ ಅಮೈನೊ ಆಮ್ಲಗಳ ಕವಲುಗಳೆಲ್ಲ ಬಿಡಿಬಿಡಿಯಾಗಿ ಕಾಣುವಷ್ಟು. ನಾನು ನೋಡಿದ ರಚನೆಗಳಲ್ಲಿ ಇದರಷ್ಟು ನೇರವಾಗಿ ತನ್ನ ಕೆಲಸವನ್ನು ತಾನೇ ಹೇಳಿಕೊಂಡ ಇನ್ನೊಂದನ್ನು ನಾನು ಕಾಣೆ.

ಆ ಕೂಟದಲ್ಲಿ ಹಸಿದ ಬ್ಯಾಕ್ಟೀರಿಯಾದ ಇನ್ನೊಂದು ಸಂಗತಿಯೂ ಬಂತು, ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ಹಸಿವು ಬಹಳ ದಿನ ಮುಂದುವರಿದರೆ ಈ.ಕೋಲಿ ತನ್ನೊಳಗೆ ತಾನೇ ಹರಳು ಕಟ್ಟುತ್ತದೆ. ಡಿಪಿಎಸ್ ಎಂಬ ಪ್ರೋಟೀನು ಹನ್ನೆರಡು ಹನ್ನೆರಡಾಗಿ ಸೇರಿ ಟೊಳ್ಳು ಗೋಲವಾಗುತ್ತದೆ, ಒಳಗೆ ಕಬ್ಬಿಣವನ್ನು ಕೂಡಿಡುತ್ತದೆ, ಹೊರಗೆ ಡಿಎನ್‌ಎಯನ್ನು ಅಪ್ಪಿಕೊಂಡು ಅದರ ಜತೆ ಸಾಲುಗಟ್ಟಿ ಹರಳಾಗುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 1999ರಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ನಾವು ತಟ್ಟೆ ತಟ್ಟೆಗೆ ಹನಿ ತೂಗುಹಾಕಿ ಪಾಡುಪಟ್ಟು ಮಾಡುವುದನ್ನು ಆ ಜೀವ ಪ್ರಾಣ ಉಳಿಸಿಕೊಳ್ಳಲು ಸಲೀಸಾಗಿ ಮಾಡುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ನಿರುಪದ್ರವಿ ನಂಟ ಮೈಕೊಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನ ಡಿಪಿಎಸ್ ರಚನೆ ಅದೇ 2004ರಲ್ಲಿ ಹೊರಬಂದದ್ದು ನಮ್ಮ ಬೆಂಗಳೂರಿನಿಂದಲೇ, ವಿಜ್ಞಾನ ಸಂಸ್ಥೆಯ ವಿಜಯನ್ ಮತ್ತು ದೀಪಂಕರ್ ಚಟರ್ಜಿ ಅವರ ತಂಡಗಳಿಂದ.

ಕ್ಷಯದ ಮಾತು ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಆ ವರ್ಷ ನಮ್ಮ ಸೋದರತ್ತೆಗೆ ಟಿ.ಬಿ. ಆಗಿತ್ತು. ಸರ್ಕಾರದ ಡಾಟ್ಸ್ ಮಾತ್ರೆ, ವಾರಕ್ಕೆ ಮೂರು ದಿನ, ಮೊದಲ ಎರಡು ತಿಂಗಳು ಆರೋಗ್ಯ ಕಾರ್ಯಕರ್ತೆಯ ಕಣ್ಣೆದುರೇ ನುಂಗಬೇಕಿತ್ತು. ಮೂತ್ರ ಕೆಂಪಾಗುವುದನ್ನು ಕಂಡು ಅವರು ಮೊದಲು ಹೆದರಿದ್ದರು. ರಿಫಾಂಪಿಸಿನ್‌ನಿಂದ ಹಾಗಾಗುತ್ತದೆ ಎಂದು ಹೇಳಿ ಸಮಾಧಾನ ಮಾಡಿದ್ದಾಯಿತು. ನಾನು ಊರಿಗೆ ಹೋದಾಗ ಅವರು ಮೆಟ್ಟಿಲ ಮೇಲೆ ಕೂತು ಕೇಳಿದರು: "ಕೆಮ್ಮು ನಿಂತು ತಿಂಗಳಾಯ್ತು ಕಣೇ. ಮೈಕೈ ತುಂಬಿಕೊಂಡಿದೆ. ಇನ್ನೂ ಯಾಕೆ ಈ ಮಾತ್ರೆ?"

ಕೂಟದಲ್ಲಿ ಕಂಡದ್ದು ನನ್ನ ತಲೆಯಲ್ಲಿ ಇನ್ನೂ ಹಸಿಯಾಗಿತ್ತು. "ಅತ್ತೆ, ಒಳಗೆ ಇನ್ನೂ ಕೆಲವು ಉಳಿದಿರ್ತವೆ. ಅವು ಬೆಳೀತಾ ಇಲ್ಲ, ಉಪವಾಸ ಹಿಡಿದು ಸುಮ್ಮನೆ ಬಿದ್ದಿರ್ತವೆ. ಮಾತ್ರೆ ಬೆಳೆಯೋದನ್ನ ಬೇಗ ಕೊಲ್ಲತ್ತೆ, ಸುಮ್ಮನೆ ಬಿದ್ದಿರೋದನ್ನ ಕೊಲ್ಲೋಕೆ ತಿಂಗಳುಗಟ್ಟಲೆ ಬೇಕು" ಎಂದೆ. ಇದು ಬಾಯಿಮಾತಿನ ಸಮಾಧಾನವಲ್ಲ. ಆ ಮಾತ್ರೆಗಳಲ್ಲಿ ಒಂದಾದ ಐಸೊನಯಾಜಿಡ್ ಹೊಡೆಯುವುದು ಕೋಶಭಿತ್ತಿ ಕಟ್ಟುವ ಕೆಲಸವನ್ನು. ಕಟ್ಟುವುದನ್ನೇ ನಿಲ್ಲಿಸಿದ ಬ್ಯಾಕ್ಟೀರಿಯಾದ ಮೇಲೆ ಅದರ ಪ್ರಭಾವ ಕಡಿಮೆ. ಕ್ಷಯದ ಬ್ಯಾಕ್ಟೀರಿಯಾದಲ್ಲೂ ಒಂದು ರೆಲ್ ಇದೆ. ಅದನ್ನು ತೆಗೆದ ತಳಿ ದೀರ್ಘ ಉಪವಾಸದಲ್ಲಿ ಬದುಕಲಾರದು ಎಂದು 2000ದಲ್ಲಿ, ಇಲಿಗಳ ಮೈಯಲ್ಲಿ ಬಹುಕಾಲ ಬೇರೂರಲಾರದು ಎಂದು 2003ರಲ್ಲಿ ಪ್ರಕಟವಾಗಿತ್ತು. ಕ್ಷಯದ ಹಟಕ್ಕೆ ಕಾರಣಗಳು ಇನ್ನೂ ಇವೆ, ಆದರೆ ಹಸಿವಿನ ಈ ಸಂಕೇತ ಅವುಗಳಲ್ಲಿ ಒಂದು. ಅತ್ತೆ ಆರು ತಿಂಗಳೂ ಮಾತ್ರೆ ತೆಗೆದುಕೊಂಡರು, ಗುಣವಾದರು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ. ಆದರೂ ಕೆಮ್ಮು ನಿಂತ ಕೂಡಲೇ ಮಾತ್ರೆ ಬಿಡುವವರು ನಮ್ಮ ಸುತ್ತ ಇವತ್ತಿಗೂ ಇದ್ದಾರೆ. ಅವರಿಗೆ ಬೈದು ಪ್ರಯೋಜನವಿಲ್ಲ, ಸುಮ್ಮನೆ ಬಿದ್ದಿರುವ ಆ ಬ್ಯಾಕ್ಟೀರಿಯಾದ ವಿಷಯವನ್ನು ಬಿಡಿಸಿ ಹೇಳಬೇಕು.

ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇನೆ. 2016ರಲ್ಲಿ ಮೂರು ತಂಡಗಳು, ಅವುಗಳಲ್ಲಿ ಕೇಂಬ್ರಿಜ್‌ನ ವೆಂಕಟರಾಮನ್ ರಾಮಕೃಷ್ಣನ್ ಅವರದೂ ಒಂದು, ಈ.ಕೋಲಿಯ ರೆಲ್‌ಎ ರೈಬೊಸೋಮಿನ ಮೇಲೆ ಕೂತು ಬರಿಗೈ ಟಿಆರ್‌ಎನ್‌ಎಯನ್ನು ಸುತ್ತಿಹಿಡಿದಿರುವ ಚಿತ್ರವನ್ನು ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದವು. ಅದಕ್ಕೆ ಹರಳು ಬೇಕಾಗಲಿಲ್ಲ. 1973ರಲ್ಲಿ ಹೇಳಿದ್ದು ಕಣ್ಣಿಗೆ ಕಂಡಿತು. ಹೊಸ ವಿಧಾನ ಬಂದು ಹರಳಿನ ಕಾಲ ಮುಗಿಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಣ್ಣ ಕಿಣ್ವವೊಂದರ ತಾಣದಲ್ಲಿ ಔಷಧದ ಅಣು ಯಾವ ಪರಮಾಣುವಿಗೆ ತಾಗಿ ಕೂತಿದೆ ಎಂದು ನೋಡಲು ಒಳ್ಳೆಯ ಹರಳಿಗೆ ಇವತ್ತಿಗೂ ಬೆಲೆ ಇದೆ.

ಸಹಪಾಠಿ ಅವತ್ತು ಕಡತ ಇಳಿಸಿಕೊಂಡ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಏಳೇ ರಚನೆಗಳೊಂದಿಗೆ ಶುರುವಾದ ಭಂಡಾರ. ಈಗ ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ, ಎಲ್ಲವೂ ಉಚಿತ. ರೆಲ್‌ನ ಆ ರಚನೆಯ ಗುರುತು 1ವಿಜೆ7. ಪಿಯುಸಿ, ಬಿ.ಎಸ್‌ಸಿ. ತರಗತಿಗಳಿಗೆ ಜೀವವಿಜ್ಞಾನ ಹೇಳಿಕೊಡುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ: ಕಿಣ್ವದ ಪಾಠ ಬಂದಾಗ ಇದನ್ನು ಮೊಬೈಲಿನಲ್ಲೇ ತೆರೆಯಿರಿ, ಎರಡೂ ಪ್ರತಿಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿ, ಎಲ್ಲಿ ಕೂಡಿಕೊಳ್ಳುವುದಿಲ್ಲ ಎಂದು ಹುಡುಗರನ್ನೇ ಹುಡುಕಲು ಬಿಡಿ.